ಏರಿ ಹಿಡಿದ ಹಳದಿ ಗರುಗ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ತೋಟ ನೋಡಿಕೊಂಡೆ. ಸೇರಿದಾಗ ಮಾಲಿ, ಬಿಡುವಾಗ ತೋಟದ ಸೂಪರ್‌ವೈಸರ್. ನಡುವೆ ಯಾವಾಗ ಏನಾದೆ ಅನ್ನುವುದನ್ನೆಲ್ಲ ಬರೆದರೆ ಓದುವವರಿಗೆ ನಿದ್ದೆ ಬರುತ್ತದೆ, ಬಿಟ್ಟುಬಿಡುತ್ತೇನೆ. ಕನಕಪುರದ ನನ್ನ ಮನೆಗೆ ಈಗ ತೋಟಗಾರಿಕೆ ಡಿಪ್ಲೊಮಾ ಮುಗಿಸಿದ ಮಕ್ಕಳು ಆಗಾಗ ಬರುತ್ತಾರೆ. ಯಾವುದೋ ಕಂಪನಿಯಲ್ಲೋ ಹೊಸ ಲೇಔಟಿನಲ್ಲೋ ಕೆಲಸ ಸಿಕ್ಕಿರುತ್ತದೆ. "ಅಂಕಲ್, ಯಾವುದರ ಹತ್ರ ಹುಷಾರಾಗಿರಬೇಕು?" ಎಂದು ಕೇಳುತ್ತಾರೆ. ಹಾವು, ಔಷಧಿ ಸಿಂಪಡಣೆ, ಹುಲ್ಲು ಕತ್ತರಿಸುವ ಮಿಷನ್ನು, ಇಂಥದ್ದೇನೋ ಹೇಳುತ್ತೇನೆ ಅಂದುಕೊಂಡಿರುತ್ತಾರೆ. "ತುಂಬ ಬೇಗ ಬೆಳೆಯೋ ಗಿಡದ ಹತ್ರ" ಅನ್ನುತ್ತೇನೆ. ನಗುತ್ತಾರೆ. ಮೊದಲ ಸಲ ಕೇಳಿದ್ದರೆ ನಾನೂ ನಗುತ್ತಿದ್ದೆ.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಬೊಂಬೆ ಮಾಡುವ ಮನೆಯಲ್ಲಿ. ಅಬ್ಬಾ ಮತ್ತು ಇಬ್ಬರು ಅಣ್ಣಂದಿರು ಬೆಳಗಿನಿಂದ ಲೇತ್ ಮುಂದೆ ಕೂರುತ್ತಿದ್ದರು. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಕರಗಿ ಅಂಟಿಕೊಳ್ಳುತ್ತದೆ, ಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಅಣ್ಣಂದಿರ ಕೈಯಲ್ಲಿ ಬಂದಷ್ಟು ಸುಲಭವಾಗಿ ನನ್ನ ಕೈಯಲ್ಲಿ ಅದು ಯಾವತ್ತೂ ಬರಲಿಲ್ಲ. ನಾನು ಕಡೆದ ರಾಜನ ತಲೆ ಸೊಟ್ಟ, ರಾಣಿಯ ಸೊಂಟ ಒಂದೇ ಕಡೆ. ಎರಡು ವರ್ಷ ನೋಡಿ ಅಬ್ಬಾ, "ನಜೀರ್, ಕಡಿದ ಮರ ನಿನ್ನ ಮಾತು ಕೇಳ್ತಿಲ್ಲ. ನೆಟ್ಟಿರೋ ಮರ ಕೇಳುತ್ತೇನೋ ನೋಡು" ಎಂದು ರಾಮನಗರದ ಪರಿಚಯದವರ ನರ್ಸರಿಗೆ ಸೇರಿಸಿದರು. ಅಲ್ಲಿ ಕಸಿ ಕಟ್ಟುವುದು, ಮಣ್ಣು ಹದ ಮಾಡುವುದು ಕಲಿತೆ. ಮದುವೆಯಾಗಿ ಕನಕಪುರಕ್ಕೆ ಬಂದ ಮೇಲೆ ಕಾರ್ಖಾನೆಯ ಕೆಲಸ ಸಿಕ್ಕಿತು.

ಹೊಸಬರು ಒಂದು ಮಾತು ತಿಳಿದುಕೊಂಡಿರಬೇಕು. ಕಾರ್ಖಾನೆಯ ತೋಟ ಇರುವುದು ಬಂದುಹೋಗುವವರ ಕಣ್ಣಿಗಾಗಿ. ಗಿಡಕ್ಕೆ ಏನು ಬೇಕು ಅನ್ನುವುದನ್ನು ಅಲ್ಲಿ ಯಾರೂ ಮೊದಲು ಕೇಳುವುದಿಲ್ಲ, ಯಾವ ದಿನಕ್ಕೆ ಹೂ ಬೇಕು ಅನ್ನುವುದನ್ನು ಕೇಳುತ್ತಾರೆ. ನಾನು ಸೇರಿದ ಮೊದಲ ವರ್ಷವೇ ದೊಡ್ಡ ಅತಿಥಿಗಳು ಬರುವವರಿದ್ದರು. ಗೇಟಿನ ಪಕ್ಕದ ಚೆಂಡುಹೂವಿನ ಪಾತಿ ಇನ್ನೂ ಮೊಗ್ಗು. ಆಗಿನ ಸಾಹೇಬರು, "ಅದೆಲ್ಲ ನಂಗೊತ್ತಿಲ್ಲ, ನಾಳೆ ಹನ್ನೊಂದು ಗಂಟೆಗೆ ಹಳದಿ ಕಾಣಬೇಕು" ಅಂದರು. ಬೆಳಗ್ಗೆ ಮಾರ್ಕೆಟ್ಟಿನಿಂದ ಕಾಂಡದ ಸಮೇತ ಹೂ ತಂದು ಮಣ್ಣಿಗೆ ಚುಚ್ಚಿದೆವು. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಅತಿಥಿಗಳ ಜೊತೆ ಬಂದಿದ್ದ ಹೆಂಗಸೊಬ್ಬರು ಇಷ್ಟಪಟ್ಟು ಬಗ್ಗಿ ಒಂದು ಹೂವನ್ನು ಮುಟ್ಟಿದರು. ಮುಟ್ಟಿದ್ದಷ್ಟೇ, ಪೂರ್ತಿ ಕಡ್ಡಿ ಕೈಗೆ ಬಂತು. ಪಾಪ, ಆಕೆ ತನ್ನಿಂದಲೇ ಗಿಡ ಹಾಳಾಯಿತು ಅಂದುಕೊಂಡು ಅದನ್ನು ಮತ್ತೆ ನೆಡಲು ನೋಡಿದರು. ಪಕ್ಕದ್ದೂ ಬಿತ್ತು. ಸಾಹೇಬರು ನನ್ನನ್ನು ನೋಡಿದರು, ನಾನು ಆಕಾಶ ನೋಡಿದೆ. ಅವತ್ತು ಯಾರೂ ಬೈಯಲಿಲ್ಲ, ಬೈಯುವ ಮುಖ ಯಾರಿಗೂ ಇರಲಿಲ್ಲ.

ಅಷ್ಟು ನಾಚಿಕೆಯಾದ ಮೇಲೂ ನನ್ನ ಬುದ್ಧಿ ಬಲಿಯಲಿಲ್ಲ. ನಿಜವಾದ ತಪ್ಪು ಮಾಡಿದ್ದು ಅದಾಗಿ ಹದಿನೈದು ವರ್ಷದ ಮೇಲೆ, ಕೆಲಸ ಪೂರ್ತಿ ಗೊತ್ತು ಅನ್ನುವ ಧೈರ್ಯ ಬಂದ ಮೇಲೆ.

ಆ ಹೊತ್ತಿಗೆ ನನ್ನ ಕೈಕೆಳಗೆ ಏಳು ಜನ ಹೆಂಗಸರು ಕೆಲಸ ಮಾಡುತ್ತಿದ್ದರು. ಅವರಲ್ಲಿ ಹಳಬಳು ಚೌಡಮ್ಮ. ತವರು ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣ, ಕೊಟ್ಟಿದ್ದು ಹಾರೋಹಳ್ಳಿ ಪಕ್ಕದ ಹಳ್ಳಿಗೆ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಕುಡುಗೋಲು ಹಿಡಿದರೆ ಇಬ್ಬರು ಗಂಡಸರ ಕೆಲಸ, ಬಾಯಿ ತೆರೆದರೆ ನಾಲ್ಕು ಜನರ ಮಾತು. ನಮ್ಮ ಮೇಲಧಿಕಾರಿ ಪ್ರಭಾಕರ್ ಸಾರ್. ಕಟ್ಟಡ, ನೀರು, ತೋಟ ಮೂರೂ ಅವರ ಉಸ್ತುವಾರಿ. ಕೆಟ್ಟ ಮನುಷ್ಯರಲ್ಲ, ಆದರೆ ಅವರ ಮೇಲೆ ಕೂತವರು ಅವರನ್ನು ಓಡಿಸುತ್ತಿದ್ದರು, ಅವರು ನಮ್ಮನ್ನು ಓಡಿಸುತ್ತಿದ್ದರು.

ಕಾರ್ಖಾನೆಯಲ್ಲಿ ಬಳಸಿದ ನೀರನ್ನು ಶುದ್ಧ ಮಾಡಿ ನಿಲ್ಲಿಸಲು ಹಿಂಭಾಗದಲ್ಲಿ ಒಂದು ಕೊಳ ತೋಡಿದರು. ತೋಡಿದ ಮಣ್ಣನ್ನೇ ಸುತ್ತ ಏರಿ ಮಾಡಿದ್ದರು. ಬರಿ ಮಣ್ಣು, ಇಳಿಜಾರು ಬೇರೆ. ಒಂದೊಂದು ಮಳೆಗೂ ಒಂದಿಷ್ಟು ಕರಗಿ ನೀರಿಗೆ ಇಳಿಯುತ್ತಿತ್ತು. ಪ್ರಭಾಕರ್ ಸಾರ್ ಕರೆದು, "ನಜೀರ್, ಎರಡು ತಿಂಗಳಲ್ಲಿ ಇದು ಹಸಿರಾಗಬೇಕು. ಏನು ಹಾಕ್ತೀರೋ ಹಾಕಿ" ಅಂದರು.

ಬೆಂಗಳೂರಿನ ನರ್ಸರಿಯವನು ನನಗೆ ವೆಡೇಲಿಯಾ ಕೊಟ್ಟ. ಹೊರದೇಶದಿಂದ ಬಂದ ಬಳ್ಳಿ. ಎಲೆ ಮೇಣ ಹಚ್ಚಿದ ಹಾಗೆ ಮಿರಿಮಿರಿ, ಮೂರು ಮೂಲೆ. ಅದರ ಮೇಲೆ ಚೆಂದದ ಹಳದಿ ಹೂವು, ಸಣ್ಣ ಸೂರ್ಯಕಾಂತಿಯ ಹಾಗೆ. "ಹಾಕಿ ಮರೆತುಬಿಡಿ ಸಾರ್, ಅದರ ಪಾಡಿಗೆ ಅದು ಬರುತ್ತೆ" ಎಂದ. ಹನ್ನೆರಡು ಚೀಲ ಕಡ್ಡಿ ತಂದೆ.

ನೆಡುವ ದಿನ ಚೌಡಮ್ಮ ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ನಜೀರಣ್ಣ, ಇದು ನಮ್ಮ ಗದ್ದೆ ಬದಿ ಗರುಗ ಅಲ್ಲ ಕಣಣ್ಣ. ಊವೇನೋ ಅಂಗೇ ಐತೆ. ಎಲೆ ಒರಟಾಗಿರಬೇಕಿತ್ತು, ಇದು ಜಾರ್ತದೆ."

"ಗರುಗ ಅಂತ ಯಾರಂದ್ರು? ಇದು ವೆಡೇಲಿಯಾ."

"ಯಾವೂರ್ದು?"

"ಯಾವೂರ್ದಾದ್ರೇನು, ನೆಡು."

ನೆಟ್ಟಳು. ಎರಡು ತಿಂಗಳು ಬೇಕಾಗಲಿಲ್ಲ, ಐದೇ ವಾರಕ್ಕೆ ಏರಿಯೆಲ್ಲ ಹಸಿರು. ಪ್ರಭಾಕರ್ ಸಾರ್ ಎಲ್ಲರ ಮುಂದೆ ನನ್ನ ಕೈ ಕುಲುಕಿದರು. ಬೇರೆ ಕಾರ್ಖಾನೆಗಳ ಮಾಲಿಗಳು ಬಂದು ಕಡ್ಡಿ ಕೇಳಿಕೊಂಡು ಹೋದರು. ನಾನೇ ಕೈಯಾರೆ ಹಂಚಿದೆ. ಆ ಒಂದು ವರ್ಷ ನನ್ನಷ್ಟು ಜಂಬದ ಮಾಲಿ ಇಡೀ ಹಾರೋಹಳ್ಳಿಯಲ್ಲಿ ಇರಲಿಲ್ಲ.

ಎರಡನೇ ಮಳೆಗಾಲದಲ್ಲಿ ಬಳ್ಳಿ ಏರಿ ಇಳಿದು ಕೇಪಳದ ಹೂಗಿಡಗಳ ಸಾಲಿನ ಮೇಲೆ ಹತ್ತಿತು. ಕತ್ತರಿಸಿದೆವು. ಕತ್ತರಿಸಿದ ತುಂಡು ಬಿದ್ದಲ್ಲೆಲ್ಲ ಬೇರು ಬಿಟ್ಟಿತು. ಮೂರನೇ ವರ್ಷ ಮಳೆನೀರಿನ ಚರಂಡಿಯೊಳಗೆ ಹೋಗಿ ಚಾಪೆ ಹೆಣೆದ ಹಾಗೆ ಹೆಣೆದುಕೊಂಡಿತು. ಒಂದು ಮಧ್ಯಾಹ್ನದ ಮಳೆಗೆ ಚರಂಡಿ ಕಟ್ಟಿಕೊಂಡು ಲಾರಿ ನಿಲ್ಲುವ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿತು. ನಾವು ಎಂಟೂ ಜನ ಚರಂಡಿಗೆ ಇಳಿದು ಎಳೆದೆವು. ಎಳೆದದ್ದನ್ನು ಕಾಂಪೌಂಡಿನ ಮೂಲೆಗೆ ಹಾಕಿದೆವು. ಅಲ್ಲಿಂದ ಅದು ನೀರಿನ ಜೊತೆ ಗೋಡೆಯ ತೂತಿನಲ್ಲಿ ನುಸುಳಿ ಆಚೆ ಹೋಗುತ್ತದೆ ಅನ್ನುವ ಯೋಚನೆ ನನಗೆ ಬರಲಿಲ್ಲ.

ಆ ಯೋಚನೆಯನ್ನು ತಂದುಕೊಟ್ಟವರು ಸಿದ್ದಲಿಂಗಪ್ಪ. ಕಾರ್ಖಾನೆಯ ಕೆಳಗೆ ಅವರ ಹಿಪ್ಪುನೇರಳೆ ತೋಟ. ನವೆಂಬರ್ ತಿಂಗಳ ಒಂದು ಬೆಳಗ್ಗೆ ಗೇಟಿನಲ್ಲಿ ಗಲಾಟೆ ಅಂತ ನನ್ನನ್ನು ಕರೆದರು. ಹಣೆ ತುಂಬ ವಿಭೂತಿ ಇಟ್ಟುಕೊಂಡ ಅರವತ್ತರ ಮನುಷ್ಯ, ಹೆಗಲ ಮೇಲೆ ಒಂದು ಹೊರೆ ಬಳ್ಳಿ. ನನ್ನ ಕಾಲ ಬಳಿ ಹಾಕಿದರು.

"ಇದು ನಿಮ್ದೇನಪ್ಪಾ?"

ಹೊರೆಯ ಮೇಲೆ ಹಳದಿ ಹೂ ಇನ್ನೂ ಬಾಡಿರಲಿಲ್ಲ. "ಹೌದು" ಅಂದೆ.

"ನಾನು ಬಿತ್ತಿಲ್ಲ, ನೆಟ್ಟಿಲ್ಲ. ನನ್ನ ಕಾಲುವೆ ತುಂಬ ಇದೇಯ. ಬದಿನಲ್ಲಿ ಹಸಕ್ಕೆ ಹುಲ್ಲು ಕುಯ್ಕೊತಿದ್ದೆ, ಈಗ ಒಂದು ಎಸಳು ಹುಲ್ಲು ಐತಾ ಬಂದು ನೋಡು. ಕಿತ್ರೆ ಒಂದಕ್ಕೆ ಹತ್ತಾಯ್ತದೆ. ಏನಾರ ಔಷಧಿ ಹೊಡಿಯಾನ ಅಂದ್ರೆ ಪಕ್ಕದಲ್ಲೇ ಹುಳಕ್ಕೆ ಹಾಕೋ ಸೊಪ್ಪು. ನಾನೇನ್ ಮಾಡ್ಲಿ ಹೇಳು?"

ಸೆಕ್ಯೂರಿಟಿಯವರು ಅವರನ್ನು ಆಚೆ ಕಳಿಸಲು ಬಂದರು. ಬೇಡ ಅಂದು ಅವರ ಜೊತೆ ನಾನೇ ಹೋದೆ. ಕಾಲುವೆ ಉದ್ದಕ್ಕೂ ನನ್ನ ವೆಡೇಲಿಯಾ. ಹೂ ತುಂಬ ಚೆನ್ನಾಗಿ ಬಿಟ್ಟಿತ್ತು, ನನಗೆ ನೋಡಲಾಗಲಿಲ್ಲ. ಅವರ ಹೆಂಡತಿ ಹಟ್ಟಿಯಿಂದ ಬಂದು ಒಂದು ಚೊಂಬು ನೀರು ಕೊಟ್ಟರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ನೀರು ಕುಡಿಯದೆ ಚೊಂಬು ಕೆಳಗಿಟ್ಟೆ.

ವಾಪಸು ಬಂದು ಪ್ರಭಾಕರ್ ಸಾರ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಿಡ ತಂದದ್ದು ನಾನು, ಬೆಳೆಸಿದ್ದು ನಾನು, ಪೂರ್ತಿ ಕಿತ್ತು ಹಾಕಬೇಕು, ಕೆಳಗಿನವರ ಕಾಲುವೆಯನ್ನೂ ನಾವೇ ಕ್ಲೀನ್ ಮಾಡಿಕೊಡಬೇಕು. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಕಿತ್ತ ಮೇಲೆ ಏರಿಗೆ ಏನು ಹಾಕ್ತೀರಿ?"

"ಗೊತ್ತಿಲ್ಲ ಸಾರ್."

"ನಿಮಗೇ ಗೊತ್ತಿಲ್ಲ ಅಂದ್ರೆ ನಾನು ಮೇಲಿನವರಿಗೆ ಏನು ಹೇಳ್ಲಿ? ನೋಡಿ ನಜೀರ್, ತೋಟ ಪೂರ್ತಿ ಕಾಂಟ್ರಾಕ್ಟ್ ಕೊಡಿ ಅಂತ ಅವರು ಒಂದು ವರ್ಷದಿಂದ ಹೇಳ್ತಿದ್ದಾರೆ. ಏರಿಗೆ ಕಾಂಕ್ರೀಟ್, ಮುಂದೆ ಕೃತಕ ಹುಲ್ಲು, ನಾಲ್ಕು ಕುಂಡ. ಕೆಲಸದವರೂ ಬೇಡ. ಮುಂದಿನ ಮಳೆಗಾಲ ಒಂದು ತಡೆದು ನೋಡ್ತೀನಿ. ಏರಿ ಜಾರಿದ್ರೆ ನನ್ನ ಕೈಲಿ ಏನೂ ಇಲ್ಲ."

ಏಳು ಹೆಂಗಸರಿಗೆ ಈ ಸುದ್ದಿ ನಾನೇ ಹೇಳಬೇಕಾಯಿತು. ಊಟದ ಹೊತ್ತಿನಲ್ಲಿ, ಹೊಂಗೆ ಮರದ ಕೆಳಗೆ. ಯಾರೂ ನನ್ನನ್ನು ಬೈಯಲಿಲ್ಲ. ಚೌಡಮ್ಮ ಮಾತ್ರ ಮುದ್ದೆ ಮುರಿಯುತ್ತಾ, "ಅವತ್ತೇ ಯೋಳ್ದೆ, ಜಾರ್ತದೆ ಅಂತ" ಅಂದಳು.

ಕೀಳುವ ಕೆಲಸ ಎರಡೂವರೆ ತಿಂಗಳು ಹಿಡಿಯಿತು. ಬೆಳಗ್ಗೆ ಏರಿ, ಮಧ್ಯಾಹ್ನದ ಮೇಲೆ ಸಿದ್ದಲಿಂಗಪ್ಪನವರ ಕಾಲುವೆ. ಗೆಣ್ಣು ಗೆಣ್ಣಿಗೂ ಬೇರು, ಒಂದು ಗೆಣ್ಣು ಬಿಟ್ಟರೂ ಮತ್ತೆ ಶುರು. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಸಿಮೆಂಟ್ ನೆಲದ ಮೇಲೆ ಟಾರ್ಪಾಲು ಹಾಸಿ, ಬಿಸಿಲಿಗೆ ಒಣಗಿಸಿ, ಕೈಯಲ್ಲಿ ಹಿಡಿದರೆ ಪುಡಿಯಾಗುವ ತನಕ ಕಾದೆವು. ಇದನ್ನು ಹೊಸಬರು ಬರೆದಿಟ್ಟುಕೊಳ್ಳಿ. ಗಿಡ ಸತ್ತಿದೆ ಅನ್ನುವುದು ಮುಟ್ಟಿ ಗೊತ್ತಾಗಬೇಕು, ನೋಡಿ ಅಲ್ಲ.

ಒಂದು ದಿನ ಕಾಲುವೆಯಲ್ಲಿ ನಿಂತು ಸೊಂಟ ನೆಟ್ಟಗೆ ಮಾಡುತ್ತಾ ಚೌಡಮ್ಮ, "ನಮ್ಮೂರ ಗರುಗ ತರಾನ ಕಣಣ್ಣ" ಅಂದಳು.

ಗರುಗ ನನಗೂ ಗೊತ್ತಿತ್ತು. ಬಿಳಿ ಹೂವಿನದು, ತಲೆಗೂದಲಿಗೆ ಎಣ್ಣೆ ಕಾಯಿಸಲು ಹಾಕುತ್ತಾರೆ, ಎಲ್ಲ ಗದ್ದೆ ಬದಿಯಲ್ಲೂ ಇರುತ್ತದೆ. "ಅದು ವರ್ಷಕ್ಕೇ ಹೋಗುತ್ತಲ್ಲ. ಏರಿ ಏನು ಹಿಡಿಯುತ್ತೆ?"

"ಬಿಳೀದಲ್ಲ. ಹಳದೀದು. ಅದು ಸಾಯಕಿಲ್ಲ. ನಾನು ಸಣ್ಣೋಳಿದ್ದಾಗ್ಲಿಂದ ನಮ್ಮಪ್ಪನ ಗದ್ದೆ ಬದಿನಲ್ಲಿ ಅದೇ ಗಿಡ ಅಲ್ಲೇ ಐತೆ. ಬದ ಕಟ್ಟಾಕೆ ಅಂತ ಬುಟ್ಟಿರೋದು."

ಮುಂದಿನ ಭಾನುವಾರ ಚನ್ನಪಟ್ಟಣಕ್ಕೆ ಹೋಗಿ ಅಲ್ಲಿಂದ ಅವಳ ಜೊತೆ ಬೈರಾಪಟ್ಟಣಕ್ಕೆ ಹೋದೆ. ಗದ್ದೆಗೆ ನೀರು ಬಿಡುವ ಕಾಲುವೆಯ ಪಕ್ಕ, ಬದಿಗೆ ಅಂಟಿಕೊಂಡು ಹರಡಿತ್ತು. ಮೊದಲ ನೋಟಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದೇ ಹಳದಿ! ಚೌಡಮ್ಮ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. "ಮುಟ್ಟು" ಅಂದಳು. ಕೂತು ಮುಟ್ಟಿದೆ. ಎಲೆ ಉದ್ದ, ಕಿರಿದು, ಮೂರು ಮೂಲೆ ಇಲ್ಲ. ಬೆರಳಿಗೆ ಬೆಕ್ಕಿನ ನಾಲಿಗೆಯ ಹಾಗೆ ಒರಟು. ಹೂ ಚಿಕ್ಕದು, ತೆಳ್ಳನೆಯ ಉದ್ದ ತೊಟ್ಟಿನ ಮೇಲೆ ಒಂದೊಂದೇ. ಬದಿಯ ಮಣ್ಣನ್ನು ಕೈಯಲ್ಲಿ ಕೆರೆದರೆ ಸುಲಭಕ್ಕೆ ಬರಲಿಲ್ಲ. ಕೆಳಗೆಲ್ಲ ಬೇರು. ಅದರ ನಡುವೆ ಗರಿಕೆ, ಒಂದೆಲಗ, ಇನ್ನೇನೇನೋ ಸೊಪ್ಪು ಎಲ್ಲಕ್ಕೂ ಜಾಗ ಇತ್ತು. ನನ್ನ ವೆಡೇಲಿಯಾ ಯಾರಿಗೂ ಜಾಗ ಬಿಟ್ಟಿರಲಿಲ್ಲ.

ಚೌಡಮ್ಮನ ಅತ್ತಿಗೆ ಮನೆಯಿಂದ ಬಂದು ನಿಂತಿದ್ದಳು. "ಕಿತ್ಕೊಂಡೋಗಕ್ಕೆ ಬಂದ್ರಾ? ಬುಡ ಬುಟ್ಟು ಮ್ಯಾಲಿಂದು ಕುಯ್ಕೊಳಿ. ಬದ ಗಿದ ಕುಸಿದ್ರೆ ನಿಮ್ಮಣ್ಣ ನನ್ನ ಜೀವ ತೆಗಿತಾರೆ."

ಹಾಗೇ ಮಾಡಿದೆವು. ಎರಡು ಗೋಣಿಚೀಲದಷ್ಟು ಕಡ್ಡಿ, ಒದ್ದೆ ಬಟ್ಟೆ ಸುತ್ತಿಕೊಂಡು ಬಸ್ಸಿನಲ್ಲಿ ತಂದೆವು. ಕಂಡಕ್ಟರ್ ಕುರಿಗೆ ಸೊಪ್ಪಾ ಎಂದು ಕೇಳಿದ. ಚೌಡಮ್ಮ, "ನಮ್ಮ ಕೆಲಸಕ್ಕೆ ಸೊಪ್ಪು" ಎಂದಳು. ಅವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಇಲ್ಲಿ ನನ್ನ ಇನ್ನೊಂದು ಪೆದ್ದುತನ ಹೇಳಬೇಕು. ನರ್ಸರಿಯಲ್ಲಿ ಕಲಿತವನು ನಾನು, ಕಡ್ಡಿಗಳನ್ನು ನೆರಳುಬಲೆಯ ಕೆಳಗೆ ಇಟ್ಟೆ, ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟೆ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆ. ಮಗುವಿನ ಹಾಗೆ ನೋಡಿಕೊಂಡೆ. ಮೂರು ವಾರದಲ್ಲಿ ಮುಕ್ಕಾಲು ಪಾಲು ಕೊಳೆತು ಕಪ್ಪಾಯಿತು. ನನಗೆ ಜೀವವೇ ಹೋದಂತಾಯಿತು. ಫೆಬ್ರವರಿ ಮುಗಿಯುತ್ತಾ ಬಂದಿತ್ತು.

ಚೌಡಮ್ಮ ಕೊಳೆತ ಕಡ್ಡಿ ಎತ್ತಿ ಮೂಸಿದಳು. "ಬದಿನಲ್ಲಿ ಬೆಳಿಯೋದನ್ನ ತೊಟ್ಟಿಲಿಗೆ ಹಾಕಿ ತೂಗಿದ್ರೆ ಏನಾಯ್ತದೆ? ನಂಗೆ ಕೊಡು."

ಉಳಿದ ಕಡ್ಡಿಗಳನ್ನು ಅವಳಿಗೇ ಬಿಟ್ಟೆ. ಸಾಲದ್ದಕ್ಕೆ ಬೈರಾಪಟ್ಟಣದಿಂದ ಇನ್ನೊಂದು ಚೀಲ ಬಂತು. ಕ್ಯಾಂಟೀನಿನಲ್ಲಿ ಬಿಸಾಡುವ ಕಾಗದದ ಟೀ ಲೋಟಗಳನ್ನು ಹೆಂಗಸರು ಆಯ್ದು ತಂದು ತಳಕ್ಕೆ ತೂತು ಹಾಕಿದರು. ಕೊಳದ ಅಡಿಯ ಗೋಡು ಮಣ್ಣು, ಒಂದಿಷ್ಟು ಮರಳು, ಅಷ್ಟೇ. ನೆರಳುಬಲೆ ತೆಗೆಸಿ ಹೊಂಗೆಯ ಚದುರು ನೆರಳಲ್ಲಿ ಇಟ್ಟಳು. ಒಂದು ಲೋಟಕ್ಕೆ ಎರಡು ಗೆಣ್ಣು, ಒಂದು ಮಣ್ಣೊಳಗೆ, ಒಂದು ಮೇಲೆ. ಹದಿನೈದು ದಿನಕ್ಕೆ ಒಂದು ಲೋಟ ಹರಿದು ನನಗೆ ತೋರಿಸಿದಳು. ಬಿಳಿ ಬೇರು ಮಣ್ಣನ್ನು ಮುದ್ದೆ ಮಾಡಿ ಹಿಡಿದಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಮಾಲಿಯಾಗಿದ್ದವನು ಅವತ್ತು ಆಕೆಗೆ, "ಇನ್ನು ಮುಂದೆ ಇದರ ವಿಷಯದಲ್ಲಿ ನೀನು ಹೇಳಿದ್ದೇ" ಅಂದೆ. ಆಕೆ, "ಇನ್ನೊಸಿ ಜೋರಾಗೇಳು, ಅವ್ರಿಗೂ ಕೇಳಿಸ್ಲಿ" ಎಂದು ಉಳಿದ ಆರು ಜನರ ಕಡೆ ತಿರುಗಿದಳು.

ಏಪ್ರಿಲ್‌ನಲ್ಲಿ ಏರಿಗೆ ನೆಟ್ಟೆವು. ಇಳಿಜಾರಿಗೆ ಅಡ್ಡಡ್ಡ ಸಾಲು, ಒಂದು ಸಾಲಿನ ಗಿಡದ ನಡುವೆ ಕೆಳಗಿನ ಸಾಲಿನ ಗಿಡ. ಮೇಲೆ ರಾಗಿ ಹುಲ್ಲು ಹೊದಿಸಿ ಬಿದಿರು ಗೂಟದಿಂದ ಬಿಗಿದೆವು. ಪೂರ್ವದ ಮೂಲೆಗೆ ಬರುವಷ್ಟರಲ್ಲಿ ಗಿಡ ಮುಗಿಯಿತು. ಅಲ್ಲಿ ಬರಿ ಹುಲ್ಲು ಹೊದಿಸಿ ಬಿಟ್ಟೆವು, ಮಳೆ ಬಿದ್ದ ಮೇಲೆ ನೆಟ್ಟರಾಯಿತು ಎಂದು.

ಪ್ರಭಾಕರ್ ಸಾರ್ ಬಂದು ನೋಡಿ ಮುಖ ಸಣ್ಣ ಮಾಡಿದರು. "ಏನ್ರೀ ಇದು, ಬೋಳು ತಲೆಗೆ ನಾಲ್ಕು ಕೂದಲು ನೆಟ್ಟ ಹಾಗಿದೆ! ಅದು ಐದು ವಾರಕ್ಕೆ ತುಂಬಿತ್ತು."

"ಅದಕ್ಕೇ ಸಾರ್, ಇದು ನಿಧಾನ" ಅಂದೆ. ಉತ್ತರ ನನಗೇ ಸಮಾಧಾನ ಕೊಡಲಿಲ್ಲ.

ಮೇ ತಿಂಗಳಲ್ಲಿ ಒಂದು ಘಟಕದ ರಿಪೇರಿಗೆ ಕಾರ್ಖಾನೆ ನಿಲ್ಲಿಸಿದರು. ಬಳಸಿದ ನೀರೇ ಇಲ್ಲ ಅಂದ ಮೇಲೆ ಶುದ್ಧ ಮಾಡಿದ ನೀರು ಎಲ್ಲಿಂದ ಬರಬೇಕು? ಕೊಳ ತಳ ಕಂಡಿತು. ಮಧ್ಯಾಹ್ನದ ಬಿಸಿಲಿಗೆ ಗಿಡಗಳೆಲ್ಲ ತಲೆ ಬಗ್ಗಿಸುತ್ತಿದ್ದವು. ಹೆಂಗಸರು ರಿಪೇರಿಯವರಿಗೆ ಅಡುಗೆ ನಡೆಯುತ್ತಿದ್ದ ಕ್ಯಾಂಟೀನಿಗೆ ಹೋಗಿ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಿಂದಿಗೆಯಲ್ಲಿ ಹೊತ್ತು ತಂದು ಲೋಟ ಲೋಟ ಹಾಕಿದರು. ಯಾರೂ ಹೇಳಿರಲಿಲ್ಲ. ಅದೇ ವಾರ ಕಾಂಟ್ರಾಕ್ಟರ್ ಕಡೆಯ ಇಬ್ಬರು ಟೇಪು ಹಿಡಿದು ಏರಿ ಅಳೆಯಲು ಬಂದರು. ನಮ್ಮ ಗಿಡಗಳ ಮೇಲೆಯೇ ಓಡಾಡಿದರು. ಚೌಡಮ್ಮ ಬಿಂದಿಗೆ ಇಳಿಸಿ, "ಅಳೆಯೋದು ಅಳ್ಕೊಳಿ ಸ್ವಾಮಿ, ಕಾಲು ನೋಡಿ ಇಡಿ. ಅದು ನಮ್ಮ ಅನ್ನ" ಅಂದಳು. ಅವರಲ್ಲಿ ಹಿರಿಯವನು ಕ್ಷಮಿಸಿ ಅಮ್ಮ ಎಂದು ಪಕ್ಕಕ್ಕೆ ಸರಿದ.

ಸಂಜೆ ಹೊತ್ತಿಗೆ ಗಿಡಗಳು ತಲೆ ಎತ್ತುತ್ತಿದ್ದವು. ದಿನಾ ಮಧ್ಯಾಹ್ನ ಬಗ್ಗುವುದು, ದಿನಾ ಸಂಜೆ ಏಳುವುದು. ಜೂನ್ ಮೊದಲ ಮಳೆಗೆ ಕಡ್ಡಿಗಳು ನೆಲ ಹಿಡಿದು ಹರಿಯತೊಡಗಿದವು. ಜುಲೈನಲ್ಲಿ ಹಸಿರು ಸಾಲು ಸಾಲಿಗೆ ಕೂಡಿಕೊಂಡಿತು. ಮೊದಲ ಹೂ ಬಿಟ್ಟ ದಿನ ಏಳೂ ಜನ ಸುತ್ತ ಕೂತು ನೋಡಿದರು. ಒಂದೇ ಒಂದು ಹೂ, ಎಂಟಾಣೆಯಷ್ಟು ಅಗಲ.

ಆಗಸ್ಟ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ಮೋಡ ಕಪ್ಪಿಟ್ಟು ಬಂತು. ಅಂಥ ಮಳೆ ನಾನು ಹಾರೋಹಳ್ಳಿಯಲ್ಲಿ ನೋಡಿರಲಿಲ್ಲ. ಎದುರಿಗಿರುವ ಕಟ್ಟಡ ಕಾಣುತ್ತಿರಲಿಲ್ಲ. ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು ನಾವೆಲ್ಲ ಕೊಳದ ಬಳಿ ಓಡಿದೆವು. ಹೋಗಿ ಮಾಡುವುದೇನೂ ಇರಲಿಲ್ಲ, ಆದರೂ ಒಳಗೆ ಕೂರಲಾಗಲಿಲ್ಲ. ನೀರು ಏರಿಯ ಮೇಲಿಂದ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕೊಡೆ ಹಿಡಿದುಕೊಂಡು ಪ್ರಭಾಕರ್ ಸಾರ್ ಕೂಡ ಬಂದರು. ಕೊಡೆ ಗಾಳಿಗೆ ಮಗುಚಿಕೊಂಡಿತು, ಅದನ್ನು ಬಿಟ್ಟು ನಮ್ಮ ಪಕ್ಕ ನಿಂತರು.

ಪೂರ್ವದ ಮೂಲೆಯಲ್ಲಿ ಸದ್ದಾಯಿತು. ಮಳೆ ಬಿದ್ದ ಮೇಲೂ ನೆಡಲು ಆಗದೆ ಉಳಿದಿದ್ದ ಆ ಎರಡು ಮಾರು ಜಾಗ ಹುಲ್ಲು, ಗೂಟ ಎಲ್ಲ ಸಮೇತ ದುಪ್ಪನೆ ಜಾರಿ ಕೊಳಕ್ಕೆ ಬಿತ್ತು. "ಅಯ್ಯೋ ಶಿವನೇ" ಎಂದು ಯಾರೋ ಕೂಗಿದರು. ನಾನು ಕಣ್ಣು ಮುಚ್ಚಿಕೊಂಡೆ. ಉಳಿದದ್ದೂ ಒಂದರ ಹಿಂದೆ ಒಂದು ಹೋಗುತ್ತದೆ ಅಂದುಕೊಂಡೆ.

ಚೌಡಮ್ಮ ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಕಣ್ ಬುಡು, ನೋಡು! ಅಲ್ಲಿಗೇ ನಿಂತೈತೆ!"

ಕುಸಿತ ಗರುಗ ಶುರುವಾಗುವಲ್ಲಿಗೆ ಬಂದು ನಿಂತಿತ್ತು. ಕತ್ತಿಯಿಂದ ಕೊಯ್ದ ಹಾಗೆ. ಆ ಕಡೆ ಕೆಂಪು ಗಾಯ, ಈ ಕಡೆ ಹಸಿರು ಏರಿ. ಕೊಯ್ದ ಅಂಚಿನಲ್ಲಿ ಬಿಳಿ ಬೇರುಗಳು ನೀರಲ್ಲಿ ತೊಳೆದು ಜೋತಾಡುತ್ತಿದ್ದವು. ಮಳೆ ಇನ್ನೂ ಒಂದು ಗಂಟೆ ಹೊಡೆಯಿತು. ಒಂದು ಹಿಡಿ ಮಣ್ಣೂ ಮತ್ತೆ ಜಾರಲಿಲ್ಲ.

ಪ್ರಭಾಕರ್ ಸಾರ್ ಅಂಗಿ ಹಿಂಡಿಕೊಳ್ಳುತ್ತಾ ಆ ಅಂಚಿನ ಬಳಿ ಕೂತರು. ಬೇರನ್ನು ಹಿಡಿದು ಎಳೆದು ನೋಡಿದರು, ಬರಲಿಲ್ಲ. "ಇದು ಎಲ್ಲಿ ಸಿಕ್ಕಿದ್ದು ಅಂದ್ರಿ?"

"ಬೈರಾಪಟ್ಟಣ ಸಾರ್. ಚೌಡಮ್ಮನವರ ತವರಿನ ಗದ್ದೆ ಬದಿ."

ಅವರು ಎದ್ದು ನಿಂತು ಚೌಡಮ್ಮನಿಗೆ ಎರಡೂ ಕೈ ಜೋಡಿಸಿದರು. ಚೌಡಮ್ಮ ಒದ್ದೆ ಸೆರಗು ಸರಿಮಾಡಿಕೊಂಡು ತಾನೂ ಕೈ ಮುಗಿದಳು. ಮಾರನೇ ದಿನ ಸಾರ್ ಆ ಜಾರಿದ ಮೂಲೆಯ ಫೋಟೋ, ನಿಂತ ಏರಿಯ ಫೋಟೋ ಎರಡನ್ನೂ ಮೇಲಿನವರಿಗೆ ಕಳಿಸಿದರು. ಜೊತೆಗೆ ಏನು ಬರೆದರೋ ಗೊತ್ತಿಲ್ಲ. ಕಾಂಟ್ರಾಕ್ಟ್ ಮಾತು ಮತ್ತೆ ಬರಲಿಲ್ಲ. ಏಳೂ ಜನರ ಕೆಲಸ ಉಳಿಯಿತು, ಮುಂದಿನ ವರ್ಷ ಇನ್ನಿಬ್ಬರು ಸೇರಿದರು.

ಸಿದ್ದಲಿಂಗಪ್ಪನವರು ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಕಾಲುವೆ ಕ್ಲೀನಾಗಿದ್ದರೂ ಏರಿ ಮೇಲೆ ಮತ್ತೆ ಹಳದಿ ಕಂಡು ಓಡಿ ಬಂದಿದ್ದರು. "ಏನಪ್ಪಾ, ಮತ್ತೆ ಅದೇ ಸಂಸಾರ ಕಟ್ಟಿದ್ದೀಯ?"

"ಎಲೆ ಮುಟ್ಟಿ ನೋಡಿ ಯಜಮಾನ್ರೆ."

ಮುಟ್ಟಿದರು. ಕಿತ್ತು ನೋಡಿದರು. "ಇದೂ ಹರಿತದಲ್ಲ?"

ನಾನು ಸುಳ್ಳು ಹೇಳಲಿಲ್ಲ. "ಹರಿಯುತ್ತೆ. ನಿಧಾನ. ಒದ್ದೆ ಇದ್ದ ಕಡೆ ಜಾಸ್ತಿ, ಒಣಗಿದ ಕಡೆ ಅಲ್ಲೇ ನಿಲ್ಲುತ್ತೆ. ಹರಿದು ಬಂದ ಬಳ್ಳಿ ಕೈಲಿ ಕಿತ್ರೆ ಬರುತ್ತೆ. ಹುಲ್ಲಿನ ಜೊತೆ ಹೊಂದಿಕೊಂಡು ಇರುತ್ತೆ. ಒಂದು ವರ್ಷ ನೋಡಿ, ಬೇಡ ಅಂದ್ರೆ ನಾನೇ ಬಂದು ತೆಗೀತೀನಿ."

ಅವರು ನಿಜವಾಗಿಯೂ ಒಂದು ವರ್ಷ ನೋಡಿದರು. ತಿಂಗಳಿಗೊಮ್ಮೆ ಬಂದು ಬೇಲಿ ಆಚೆಯಿಂದ ಏರಿಯನ್ನೂ ಚರಂಡಿಯನ್ನೂ ಪರೀಕ್ಷೆ ಮಾಡುವವರ ಹಾಗೆ ನೋಡಿ ಹೋಗುತ್ತಿದ್ದರು. ಮುಂದಿನ ವರ್ಷದ ನವೆಂಬರಿನಲ್ಲಿ ಖಾಲಿ ಮಂಕರಿ ಹಿಡಿದು ಗೇಟಿಗೆ ಬಂದರು. "ನನ್ನ ಕಾಲುವೆ ಬದಿ ಒಂದ್ಕಡೆ ಕುಸಿತಾ ಐತೆ. ಒಂದಿಪ್ಪತ್ತು ಲೋಟ ಕೊಡು." ಇಪ್ಪತ್ತಲ್ಲ, ಐವತ್ತು ಕೊಟ್ಟೆವು. ನೆಡುವುದಕ್ಕೂ ನಾವೇ ಹೋದೆವು. ಅವರ ಹೆಂಡತಿ ಮಜ್ಜಿಗೆ ಕೊಟ್ಟರು, ಎರಡು ಲೋಟ ಕುಡಿದೆ.

ನನ್ನಿಂದ ವೆಡೇಲಿಯಾ ಕಡ್ಡಿ ತೆಗೆದುಕೊಂಡು ಹೋಗಿದ್ದ ಮಾಲಿಗಳ ಬಳಿಗೆ ಒಬ್ಬೊಬ್ಬರ ಹತ್ತಿರವೂ ಹೋಗಿ ಆದದ್ದನ್ನು ಹೇಳಿದೆ. ಕೆಲವರು ನಕ್ಕರು, ಹಲವರು ಕಿತ್ತರು. ಕಿತ್ತವರಿಗೆ ಚೌಡಮ್ಮ ಗರುಗದ ಲೋಟ ಕೊಟ್ಟಳು. ಈಗಿನ ಮಕ್ಕಳು ಫೋನ್ ಹಿಡಿದು ಗಿಡದ ಹೆಸರು ಹೇಳುತ್ತಾರೆ. ಒಳ್ಳೆಯದೇ. ಆದರೆ ಒಮ್ಮೆ ಟ್ರೈನಿಯೊಬ್ಬಳು ನಮ್ಮ ಗರುಗಕ್ಕೆ ಫೋನ್ ತೋರಿಸಿದಾಗ ಅದು ಹೊರದೇಶದ ಬಳ್ಳಿಯ ಹೆಸರನ್ನೇ ಹೇಳಿತು. ಹೂವನ್ನಷ್ಟೇ ನೋಡಿತ್ತು, ನನ್ನ ಹಾಗೆ. ಎಲೆ ಮುಟ್ಟುವ ಬೆರಳು ಇನ್ನೂ ಫೋನಿಗೆ ಬಂದಿಲ್ಲ.

ಗರುಗವನ್ನು ಆಮೇಲೆ ಮುಂದಿನ ತೋಟಕ್ಕೂ ತಂದೆವು, ದಾರಿಯ ಅಂಚಿಗೆ, ನೀರು ತೊಟ್ಟಿಕ್ಕುವ ನಲ್ಲಿಗಳ ಬುಡಕ್ಕೆ. ವರ್ಷಕ್ಕೆ ಎರಡು ಸಲ ಕುಡುಗೋಲಿನಿಂದ ಮೇಲೆ ಸವರಿದರೆ ಸಾಕು, ಮತ್ತೆ ಹೊಸ ಚಿಗುರು, ಮತ್ತೆ ಹೂ. ಚಿಟ್ಟೆಗಳು ಬಂದವು. ಊಟದ ಹೊತ್ತಿನಲ್ಲಿ ಆಫೀಸಿನವರು ಅಲ್ಲಿ ಬಂದು ಕೂರುವುದು ಶುರುವಾಯಿತು. ಕೆಲಸದ ಹೆಂಗಸರು ಯಾರೇ ಕೇಳಿದರೂ ಚೌಡಮ್ಮ ಇಲ್ಲ ಅನ್ನುತ್ತಿರಲಿಲ್ಲ, ಶಿಫ್ಟ್ ಬಿಟ್ಟ ಮೇಲೆ ಬಸ್ಸಿನ ಕಿಟಕಿಯೊಳಗೆ ಲೋಟ ಕೊಡುತ್ತಿದ್ದಳು. ಆ ಬಸ್ಸುಗಳು ರಾಮನಗರಕ್ಕೆ, ಮಾಗಡಿ ಕಡೆಗೆ, ಕೂಟಗಲ್ ಕಡೆಗೆ ಹೋಗುತ್ತಿದ್ದವು.

ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಮೊನ್ನೆ ಮಾಗಡಿಯಲ್ಲಿ ಒಂದು ಮದುವೆಗೆ ಹೋಗಿ ವಾಪಸು ಬರುವಾಗ ರಸ್ತೆ ಬದಿ ಹೊಸ ನರ್ಸರಿ ಕಂಡು ಇಳಿದೆ. ಹಳೆಯ ಚಾಳಿ. ನರ್ಸರಿ ನಡೆಸುವ ಹೆಣ್ಣುಮಗಳಿಗೆ ಮೂವತ್ತು ವರ್ಷ ಇರಬಹುದು. ಗುಲಾಬಿ, ದಾಸವಾಳ ತೋರಿಸಿದಳು. ಮೂಲೆಯಲ್ಲಿ ಸಾಲಾಗಿ ಇಟ್ಟ ಚೀಲಗಳಲ್ಲಿ ಆ ಹಳದಿ. ಹತ್ತಿರ ಹೋಗಿ ಎಲೆ ಮುಟ್ಟಿದೆ. ಒರಟು.

"ಅದು ಬೇಕಾ ಸಾಹೇಬ್ರೆ? ಒಳ್ಳೆ ಗಿಡ. ಒಂದ್ಸಲ ಹಾಕಿದ್ರೆ ವರ್ಷಾನುಗಟ್ಟಲೆ ಇರ್ತದೆ, ಮಣ್ಣು ಹಿಡಿತದೆ. ಅದರ ಥರದ್ದೇ ಇನ್ನೊಂದು ಐತೆ, ಹೊಳೆಯೋ ಎಲೆದು, ಯಾರಾರ ಕೊಟ್ರೆ ತಕಬೇಡಿ. ಅದು ಊರು ಹಾಳು ಮಾಡ್ತದೆ. ನಾವು ಅದನ್ನ ಮಾರಾಕಿಲ್ಲ."

ನಾನು ಇನ್ನೊಂದು ಎಲೆ ಮುಟ್ಟಿದೆ. "ಇದರ ಹೆಸರೇನಮ್ಮ?"

"ಗರುಗ ಅಂತಾರೆ. ಇಲ್ಲಿ ಎಲ್ರೂ ಚೌಡಮ್ಮನ ಹೂವು ಅಂತಾರೆ."

"ಯಾರು ಚೌಡಮ್ಮ?"

"ಯಾರೋ ಗೊತ್ತಿಲ್ಲ ಸಾಹೇಬ್ರೆ. ಹಳೇ ಕಾಲದೋರು ಇರ್ಬೇಕು."

ಅಲ್ಲೇ ನಿಂತು ಚೌಡಮ್ಮನಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದಳು, ಹಿಂದೆ ಕೊಳದ ಪಂಪಿನ ಸದ್ದು ಕೇಳಿಸುತ್ತಿತ್ತು. ಇನ್ನೂ ಒಂದು ವರ್ಷ ಸರ್ವೀಸ್ ಇದೆ ಅವಳಿಗೆ. ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಆ ಕಡೆ ಪಂಪು ನಿಲ್ಲಿಸಿದ ಸದ್ದಾಯಿತು.

ಆಮೇಲೆ ಚೌಡಮ್ಮ, "ಹಳೇ ಕಾಲದೋಳಾ ನಾನು? ಫೋನ್ ಕೊಡಣ್ಣ ಅವಳ ಕೈಗೆ" ಅಂದಳು.

ಕೊಟ್ಟೆ. ಆ ಹೆಣ್ಣುಮಗಳು ಕೇಳುತ್ತಾ ಕೇಳುತ್ತಾ ಕಣ್ಣರಳಿಸಿದಳು, ಕೈಲಿದ್ದ ನೀರಿನ ಪೈಪು ಕೆಳಗಿಟ್ಟಳು, ಪಕ್ಕದ ಗಿಡದ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ತನ್ನ ಅತ್ತೆಯನ್ನು ಕೂಗಿದಳು: "ಅತ್ತೆ, ಬಿರ್ರನೆ ಬನ್ನಿ ಇಲ್ಲಿ! ಚೌಡಮ್ಮ ಮಾತಾಡ್ತಾವ್ರೆ!"